ಯಾರ ಮನೆಯ ಚಮಚ?

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಗಿರಣಿಯಲ್ಲಿ ಯಂತ್ರಕ್ಕಿಂತ ಮೊದಲು ಗದ್ದೆಮ್ಮನ ಗೊಣಗಾಟ ಶುರುವಾಗುತ್ತದೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಣ ಬಟ್ಟೆಯಿಂದ ಕಾಫಿ ಬೀಸುವ ಯಂತ್ರದ ಬಾಯಿ ಒರೆಸುತ್ತಿದ್ದಾರೆ. ಕಟ್ಟೆಯ ಮೇಲೆ ನಿನ್ನೆ ಸಂಜೆ ವಾಪಸ್ ಬಂದ ಪುಡಿಯ ಪೊಟ್ಟಣವಿದೆ.

‘ಕಹಿ ಐತಂತ! ಕಾಫಿ ಅಂದ್ರ ಜಿಲೇಬಿ ಅಂತ ತಿಳಕೊಂಡಾರೇನ್ರಿ?’

ಜೋಳ ಬೀಸಿಸಲು ಬಂದ ಹೆಂಗಸೊಬ್ಬಳು ತಲೆಯ ಮೇಲಿನ ಬುಟ್ಟಿ ಇಳಿಸಲು ತಿಣುಕುತ್ತಾಳೆ. ಗದ್ದೆಮ್ಮ ಬೈಗುಳವನ್ನು ನಿಲ್ಲಿಸದೆಯೇ ಹೋಗಿ ಬುಟ್ಟಿಗೆ ಕೈ ಕೊಟ್ಟು, ಮರಳಿ ಬಂದು ಒರೆಸುವುದನ್ನು ಮುಂದುವರಿಸುತ್ತಾರೆ.

ಗದ್ದೆಮ್ಮನ ತವರು ಸಂತೆಕಲ್ಲೂರು. ಮಸ್ಕಿಗೆ ಸೊಸೆಯಾಗಿ ಬಂದ ಮೇಲೆ ಬಹಳ ವರ್ಷ ಇದೇ ಗಿರಣಿಯ ಖಾರದ ಯಂತ್ರದ ಮುಂದೆ ನಿಂತವರು. ಮೆಣಸಿನಕಾಯಿಯ ಘಾಟು ಎದೆಯಲ್ಲಿ ಕೂತಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಮಲಗಿದರೆ ಕೆಮ್ಮು. ಖಾರದ ಮುಂದೆ ಇನ್ನು ನಿಲ್ಲಲೇಬಾರದು ಎಂದು ಲಿಂಗಸುಗೂರಿನ ಡಾಕ್ಟರು ಹೇಳಿಬಿಟ್ಟರು.

ಗಿರಣಿಯ ಮಾಲೀಕ ಗೌಸ್‌ಸಾಬ್ ಸ್ವಲ್ಪ ದಿನಕ್ಕೆ ಸಿಂಧನೂರಿನಲ್ಲಿ ಮುಚ್ಚುತ್ತಿದ್ದ ಅಂಗಡಿಯೊಂದರಿಂದ ಹಳೆಯ ಕಾಫಿ ಯಂತ್ರವನ್ನು ಟಂಟಂನಲ್ಲಿ ಹೇರಿಸಿಕೊಂಡು ಬಂದರು. ಚಹಾ ಕುಡಿಯುವ ಊರಿಗೆ ಇದೇಕೆ ಎಂದು ಎಲ್ಲರೂ ನಕ್ಕರು. ಬ್ಯಾಂಕಿನವರು, ಮೇಷ್ಟ್ರುಗಳು ಕೇಳುತ್ತಾರೆ ಎಂಬುದು ಗೌಸ್‌ಸಾಬರ ಉತ್ತರ. ಅವರು ಸ್ವತಃ ಕಾಫಿ ಮುಟ್ಟುವವರಲ್ಲ.

ಹೀಗೆ ಕಾಫಿ ಯಂತ್ರದ ಮುಂದೆ ಬಂದು ನಿಂತ ಗದ್ದೆಮ್ಮನಿಗೆ ಹೊಸ ತಲೆನೋವು ಅಂಟಿಕೊಂಡಿತು.

‘ಅಳತಿ ಕೇಳ್ತಾರ, ಹೇಳ್ತೀನಿ. ಕಪ್ಪಿಗೊಂದು ಚಮಚ, ಗೋಪುರ ಬರೋಹಂಗ. ನೀರು ಕುದಿಸಿ ಇಳಿಸ್ರಿ, ಪುಡಿ ಹಾಕಿ ಮುಚ್ರಿ, ತಳಕ್ಕ ಕುಂತಮ್ಯಾಲ ಬಟ್ಟ್ಯಾಗ ಸೋಸ್ರಿ. ಹೂಂ ಹೂಂ ಅಂತಾರ. ಮನಿಗಿ ಹೋಗಿ ಹಾಲು, ಸಕ್ರಿ, ಪುಡಿ ಎಲ್ಲಾ ಕೂಡಿಸಿ ಚಾ ಕುದಿಸಿದಂಗ ಗದಗದ ಕುದಸ್ತಾರ. ಒಬ್ಬಾಕಿ ಶುಂಠಿ ಜಜ್ಜಿ ಹಾಕ್ಯಾಳ್ರಿ! ಆಮ್ಯಾಲ ಪುಡಿ ಖರಾಬ್ ಅಂತ ನನ್ನ ಮುಂದ ತಂದು ಒಗೀತಾರ.’

ಒಬ್ಬೊಬ್ಬರು ಬಿಟ್ಟುಹೋದರೆ ಹೇಗೋ ನಡೆದೀತು. ಆದರೆ ಎಲ್ಲರಿಗಿಂತ ಹೆಚ್ಚು ಪುಡಿ ಒಯ್ಯುವವರು ಖಾನಾವಳಿಯ ಖಾತೂನ್‌ಬೀ. ಅವರ ಅಡುಗೆಯಾಳು ಕೆಲಸ ಬಿಟ್ಟ ಮೇಲೆ ಕಾಫಿಯನ್ನು ತಾವೇ ಮಾಡತೊಡಗಿದ್ದಾರೆ. ಆಗಿನಿಂದ ದೂರು. ಕಟ್ಟೆಯ ಮೇಲಿನ ಪೊಟ್ಟಣವೂ ಅವರದೇ. ಅವರು ಕೈಬಿಟ್ಟರೆ ಯಂತ್ರ ನಿಂತಂತೆಯೇ. ಗೌಸ್‌ಸಾಬ್ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದ್ದಾರೆ: ‘ಸೋಮವಾರ ಈ ಜಾಗಕ್ಕ ಇನ್ನೊಂದು ಖಾರದ ಮಷಿನ್ ಬರತೈತಿ. ನಿನಗ ಬ್ಯಾರೆ ಕೆಲಸ ಎಲ್ಲಿಂದ ತರ್ಲಿ ಬೇ, ನೀನೇ ಹೇಳು.’

ಹೊತ್ತು ಏರುವ ಮೊದಲೇ ಖಾತೂನ್‌ಬೀ ಬಂದು ನಿಲ್ಲುತ್ತಾರೆ.

‘ಏನ್ ಪುಡಿ ಕೊಡಾಕತ್ತಿ ಗದ್ದೆಮ್ಮಾ? ಬ್ಯಾಂಕಿನ ಸಾಹೇಬರು ಒಂದು ಗುಟುಕು ಕುಡದು ಕಪ್ಪು ಹಂಗೇ ಇಟ್ಟು ಹೋದ್ರು. ಬೇವಿನ ಕಷಾಯ! ಮ್ಯಾಲ ತೂಕಾನೂ ಕಮ್ಮಿ. ಒಂದು ಕಿಲೋ ಎರಡು ದಿನಾನೂ ಬರಂಗಿಲ್ಲ.’

ತೂಕದ ಮಾತು ಬಂದದ್ದೇ ತಡ, ಗದ್ದೆಮ್ಮನ ಕೈಯಲ್ಲಿದ್ದ ಬಟ್ಟೆ ಕಟ್ಟೆಗೆ ಬೀಳುತ್ತದೆ.

‘ಎಷ್ಟು ಹಾಕಿದ್ರಿ ಆಪಾ?’

‘ನೀ ಹೇಳಿದಷ್ಟೇ. ಕಪ್ಪಿಗೊಂದು ಚಮಚಾ. ಗೋಪುರಾನೂ ಮಾಡೀನಿ.’

‘ಕುದಿಸಿದ್ರೇನು?’

‘ನಿನ್ನಾಣಿಗೂ ಇಲ್ಲ!’

‘ನಡೀರಿ ಹಂಗಾರ. ನಿಮ್ಮ ಒಲಿ ಮುಂದ ನಿಂತೇ ನೋಡ್ತೀನಿ.’

ಖಾನಾವಳಿಯ ಅಡುಗೆಮನೆ ಪಕ್ಕದ ಓಣಿಯಲ್ಲಿದೆ. ನೀರು ಕುದಿಯುತ್ತದೆ. ಖಾತೂನ್‌ಬೀ ಪಾತ್ರೆ ಇಳಿಸಿ, ಗೋಡೆಯ ಮೊಳೆಗೆ ನೇತುಹಾಕಿದ್ದ ಉದ್ದ ಹಿಡಿಯ ದೊಡ್ಡ ಸ್ಟೀಲ್ ಚಮಚ ತೆಗೆದು ಪುಡಿಯ ಡಬ್ಬಿಗೆ ಇಳಿಸುತ್ತಾರೆ. ಗದ್ದೆಮ್ಮ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ.

‘ಆಪಾ! ಇದರಾಗ ನಾವು ಪಲ್ಯ ಬಡಸ್ತೀವಿ!’

‘ನಾವೂ ಪಲ್ಯಾನೇ ಬಡಸ್ತೀವಿ. ಇದಕ್ಕ ಚಮಚಾ ಅಂತಾರ. ಸಕ್ರಿ ತಿರುವೋದು ಚಮಚಿ. ನೀ ಚಮಚಿ ಅಂದಿದ್ರ ಚಮಚಿ ಹಾಕ್ತಿದ್ದೆ. ನಿನಗ ಮಾತು ಬರಂಗಿಲ್ಲ, ನನ್ನ ಮ್ಯಾಲ ಯಾಕ ಒದರ್ತಿ?’

‘ನಮ್ಮನ್ಯಾಗ ಸಣ್ಣದಕ್ಕೂ ಚಮಚ, ದೊಡ್ಡದಕ್ಕೂ ಚಮಚ ಆಪಾ. ನನಗೇನು ಕನಸು ಬಿದ್ದಿತ್ತೇನು?’

ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ಗುರಾಯಿಸುತ್ತಾರೆ. ಮೊದಲು ನಗುವವರು ಖಾತೂನ್‌ಬೀ. ಗದ್ದೆಮ್ಮ ಸಣ್ಣ ಚಮಚ ಹುಡುಕಿ, ಪುಡಿ ಹಾಕಿ, ಮುಚ್ಚಿ, ಸೋಸಿ, ಹಾಲು ಬೆರೆಸುತ್ತಾರೆ. ಖಾತೂನ್‌ಬೀ ಕಪ್ಪಿನಿಂದ ಬಸಿಗೆ ಸುರಿದು ಊದಿ ಕುಡಿದು, ಎರಡನೇ ಬಸಿಯನ್ನು ಗದ್ದೆಮ್ಮನ ಮುಂದೆ ಸರಿಸುತ್ತಾರೆ. ತೂಕದ ಮಾತಿಗೆ ಅದೇ ಅವರ ಕ್ಷಮಾಪಣೆ.

ನಂತರ ಆ ದೊಡ್ಡ ಚಮಚವನ್ನು ಕೈಯಲ್ಲಿ ಹಿಡಿದೇ ಗಿರಣಿಗೆ ಬರುತ್ತಾರೆ. ‘ಗೌಸ್ ಭಾಯ್, ಪುಡಿ ಬರೋಬರ್ ಐತಿ. ಖರಾಬ್ ಇದ್ದದ್ದು ಇದು.’

ಗೌಸ್‌ಸಾಬ್ ಚಮಚವನ್ನು ತಿರುವಿ ಮುರುವಿ ನೋಡುತ್ತಾರೆ. ‘ಇದರಿಂದ ಅಳದು ಹಾಕೋರು ಇನ್ನೊಂದು ನಾಲ್ಕು ಮಂದಿ ಸಿಕ್ಕಿದ್ರ ನಾ ಸಾವ್ಕಾರ ಆಗ್ತಿದ್ದೆ. ಕೆಡಿಸಿಬಿಟ್ಟಿ ಗದ್ದೆಮ್ಮಾ.’ ಹಾಗೆಂದು ಗೊಣಗುತ್ತಲೇ ಹೊರಗೆ ಹೋಗಿ ಫೋನ್ ಹಚ್ಚುತ್ತಾರೆ. ‘ಸೋಮವಾರ ತರಬ್ಯಾಡ್ರಿ’ ಎಂಬ ಮಾತು ಒಳಗಿನವರಿಗೆ ಚೆನ್ನಾಗಿ ಕೇಳಿಸುತ್ತದೆ.

ಈಗ ಹೊಸದಾಗಿ ಪುಡಿ ಒಯ್ಯುವವರು ಮನೆಯ ಚಮಚ ತಂದು ತೋರಿಸಬೇಕೆಂದು ಗದ್ದೆಮ್ಮನ ಹುಕುಂ. ಇದರಿಂದ ಅವರ ಸಿಟ್ಟೇನೂ ಇಳಿದಿಲ್ಲ. ಒಬ್ಬರು ಮಗುವಿನ ಔಷಧಿಯ ಚಮಚ ತಂದರು. ಇನ್ನೊಬ್ಬರು ಮರೆತು ಬಂದು, ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆದು ಇಷ್ಟುದ್ದ ಎಂದರು.

‘ಇಷ್ಟುದ್ದ ಅಂದ್ರ ನಾ ಏನಂತ ತಿಳೀಲ್ರಿ?’ ಎಂದು ಗದರಿದರೂ, ಅವರನ್ನು ಕೂರಿಸಿ ಮೊದಲಿನಿಂದ ಹೇಳಿಕೊಟ್ಟರು.

ನಿಮಗೇನು ಬೇಕು ಗದ್ದೆಮ್ಮಾ ಎಂದು ಕೇಳಿದರೆ ಅದಕ್ಕೂ ಸಿಡುಕು. ‘ನನಗೇನ್ ಬೇಕ್ರಿ? ಈ ಮಷಿನ್ ಹಿಂಗೇ ತಿರುಗಿದ್ರ ಸಾಕು.’ ಯಂತ್ರದ ಗುಂಡಿ ಒತ್ತಲು ಹೋದವರು ತಡೆದು ನಿಲ್ಲುತ್ತಾರೆ.

‘ಮೊನ್ನೆ ಮಲ್ಲಯ್ಯನ ಗುಡ್ಡ ಹತ್ತಿದ್ನಿರಿ. ಖಾರದ ಮುಂದ ಇದ್ದಾಗ ಅರ್ಧಕ್ಕ ಕುಂತು ವಾಪಸ್ ಬರ್ತಿದ್ದೆ. ಈ ಸಲ ಸೀದಾ ಹೋಗೀನಿ. ದಾರ್‍ಯಾಗೊಬ್ಬಾಕಿ ಸಿಕ್ಕು, ಕಾಫಿ ಕುದಿಸಿ ಕೆಡಿಸಿದ್ದು ಹೇಳಿದ್ಲು. ಮ್ಯಾಲ ಮುಟ್ಟೋತನಕ ಆಕೀಗೆ ಬೈದೀನಿ. ಅಷ್ಟು ಉಸುರು ಇತ್ರಿ ನನಗ.’