ಹಂದರದ ನಾಲ್ಕು ಕಂಬ

ಯಾವ ಹಂದರದ ಕೆಳಗೂ ನಾನು ನೆಮ್ಮದಿಯಿಂದ ಕೂತು ನಲವತ್ತು ವರ್ಷವಾಯಿತು.

ಶಿರಹಟ್ಟಿ ಕಡೆಯಿಂದ ಕಪ್ಪತಗುಡ್ಡ ಹತ್ತುವ ದಾರಿಯ ಬುಡದಲ್ಲಿ ನಮ್ಮ ಶಾಲೆ. ಎಂಬತ್ತರ ದಶಕದ ಆರಂಭದಲ್ಲಿ ನಾನಲ್ಲಿ ಮಾಸ್ತರ. ಗುಡ್ಡ ಕಾಯುತ್ತಿದ್ದ ಫಾರೆಸ್ಟ್ ಗಾರ್ಡ್ ರಿಟೈರ್ ಆಗುತ್ತಾರೆಂದು ತಿಳಿದಾಗ, ಸನ್ಮಾನ ಮಾಡಲೇಬೇಕೆಂದು ಹಟ ಹಿಡಿದವನು ನಾನೇ. ಆಯುಷ್ಯವೆಲ್ಲ ಕೊಡಲಿಗೂ ಕುರಿಗೂ ಅಡ್ಡ ನಿಂತ ಮನುಷ್ಯ. ಅದಕ್ಕೆ ಸಿಕ್ಕಿದ್ದು ಊರವರ ಬೈಗುಳ. "ಗುಡ್ಡ ಏನ್ ಇವರಪ್ಪಂದ?" ಎಂದು ಯಾರೋ ಅಂದಾಗ ನಾನೂ ಒಮ್ಮೆ ನಕ್ಕಿದ್ದೆ.

ಶಾಲು ತಂದೆ, ಹಾರ ಹೇಳಿದೆ, ಭಾಷಣ ಬರೆದುಕೊಂಡೆ. ಶುಭಕಾರ್ಯದ ಹಂದರಕ್ಕೆ ಹಸಿ ಕಂಬವೇ ಆಗಬೇಕೆಂದು ಹಿರಿಯರು ಅಂದರು. ಗಾಡಿಯವನಿಗೆ, "ನಾಲ್ಕ ಕಂಬ ತಾರಪಾ, ನೆಟ್ಟಗಿರಬೇಕ ನೋಡು" ಎಂದೆ. ಎಲ್ಲಿಂದ ಎಂದು ಕೇಳಲಿಲ್ಲ. ದೊಡ್ಡ ಮನುಷ್ಯ ನಾನು, ನನಗೆ ಭಾಷಣದ ಚಿಂತೆ.

ಮರುದಿನ ಗಾರ್ಡ್ ಬಿಳಿ ಅಂಗಿ ತೊಟ್ಟು ಬಂದರು. ಹಂದರದೊಳಗೆ ಕಾಲಿಟ್ಟವರು ಒಂದು ಕಂಬ ಹಿಡಿದು ನಿಂತೇಬಿಟ್ಟರು. ಕೈ ತೆಗೆದಾಗ ಅಂಗೈ ಕೆಂಪಾಗಿತ್ತು. ಹೊನ್ನಿ ಮರ ಕಡಿದರೆ ಒಸರುವ ಅಂಟು ರಕ್ತದ ಬಣ್ಣದ್ದೇ.

"ಇವು ಹಳ್ಳದ ಮ್ಯಾಲಿನ ಹೊನ್ನಿ, ಮಾಸ್ತರ್ರ" ಎಂದರು.

ಆಡು ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿ, ಬೇಸಿಗೆಯಲ್ಲಿ ಕೊಡ ಹೊತ್ತು, ಹನ್ನೆರಡು ವರ್ಷ ಅವರೇ ಬೆಳೆಸಿದ ಗಿಡಗಳು. ಆ ಇಳಿಜಾರಿನಲ್ಲಿ ನೆಟ್ಟಗೆ ಬೆಳೆದವು ಅವರು ಕಾದವು ಮಾತ್ರ. ನಾನು ಕೇಳಿದ್ದೂ ನೆಟ್ಟಗಿನವನ್ನೇ.

ಶಾಲು ಹೊದಿಸುವಾಗ ಅವರು ತಲೆ ಬಗ್ಗಿಸಿದರು, ಮರ್ಯಾದೆ ತಪ್ಪಲಿಲ್ಲ. ಬರೆದುಕೊಂಡಿದ್ದನ್ನು ನಾನು ಪೂರ್ತಿ ಓದಿದೆ. ಅದಕ್ಕಿಂತ ನಾಚಿಕೆಗೇಡು ನನ್ನ ಬಾಳಿನಲ್ಲಿ ಇನ್ನೊಂದಿಲ್ಲ. ಎರಡು ಮಾತಾಡಿರೆಂದು ಕೇಳಿದರೆ, "ಹಂದರ ಬಿಚ್ಚಿದಮ್ಯಾಲ ಕಂಬ ನನಗ ಕೊಡ್ರಿ" ಎಂದಷ್ಟೇ ಹೇಳಿ ಕೂತರು.

ತಿಂಗಳ ನಂತರ ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಹಿತ್ತಲಲ್ಲಿ ನಾಲ್ಕೂ ಕಂಬ ನೆಟ್ಟು, ಸುತ್ತ ಮುಳ್ಳು ಕಟ್ಟಿ, ಬುಡಕ್ಕೆ ನೀರು ಹಾಕುತ್ತಿದ್ದರು.

"ಚಿಗೀತಾವೇನ್ರಿ?" ಎಂದೆ, ಆಸೆಯಿಂದ.

"ಎಲ್ಲಿ ಚಿಗೀತಾವ್ರಿ. ಕಡದ ಹೊನ್ನಿ ಬೇರ ಬಿಡಂಗಿಲ್ಲ, ನನಗ ಗೊತ್ತಿಲ್ಲೇನು? ಮುಂಜಾನಿ ಎದ್ರ ಕೈ ಸುಮ್ಮನಿರಂಗಿಲ್ಲ, ಅದಕ್ಕ." ತಂಬಿಗೆ ನನ್ನತ್ತ ಚಾಚಿದರು. "ನೀವೂ ಒಂದಕ್ಕ ಹಾಕ್ರಿ."

ಹಾಕಿದೆ. ಕ್ಷಮೆ ಕೇಳದೆಯೇ ತಂಬಿಗೆ ಮರಳಿ ಕೊಟ್ಟೆ.

ಅವರು ತೀರಿಹೋಗಿ ಎಷ್ಟೋ ಕಾಲವಾಯಿತು. ಈಗಿನ ಹಂದರಗಳಿಗೆ ಕಬ್ಬಿಣದ ಪೈಪು. ಆದರೂ ಯಾರ ಮದುವೆಗೆ ಹೋದರೂ ಮೊದಲು ಕಂಬ ಮುಟ್ಟುತ್ತೇನೆ, ಆಮೇಲೆ ಅಂಗೈ ನೋಡಿಕೊಳ್ಳುತ್ತೇನೆ.