ದುರ್ಗಾಳ ಮಿಶನ್ನು, ಗುರುಬಸವ್ವನ ಕರಡಿಗೆ

ನನ್ನ ತಂಗಿ ದುರ್ಗಾಳ ಬಗ್ಗೆ ಯಾರಾದರೂ "ಪಾಪ, ಅಷ್ಟು ಓದಿ ಕಡೆಗೆ ಸವದತ್ತಿಗೇ ಬಂದಳಲ್ಲ" ಎಂದರೆ ನನಗೆ ಮೈ ಉರಿಯುತ್ತದೆ. ಬಂದಳು, ಹೌದು. ಹಟ ಹಿಡಿದು ಬಂದಳು, ಬರುವಾಗ ತಾನೇ ಮಾಡಿದ ಮಿಶನ್ನು ಹೇರಿಕೊಂಡು ಬಂದಳು.

ಸವದತ್ತಿ ತಾಲೂಕಿನ ಮನೋಳಿಯಲ್ಲಿ ನಮ್ಮದು ಪಂಪಸೆಟ್ಟಿನ ಸುಟ್ಟ ಮೋಟರಿಗೆ ತಂತಿ ಸುತ್ತುವ ಅಂಗಡಿ. ಅಪ್ಪ ಶಟ್ಟೆಪ್ಪ ಹಾಕಿದ್ದು, ಈಗ ನಾನು, ಭೀಮಶಿ, ನಡೆಸುತ್ತೇನೆ. ಅಪ್ಪನ ಕಾಲದಲ್ಲಿ ಮೋಟರು ತಂದವರು ನಮ್ಮ ಕೈಯ ಕೆಲಸ ಒಪ್ಪುತ್ತಿದ್ದರು, ಕೈಯ ನೀರು ಒಪ್ಪುತ್ತಿರಲಿಲ್ಲ. ದುರ್ಗಾ ಶಾಲೆಯಿಂದ ಬಂದವಳೇ ಪಾಟಿಚೀಲ ಒಗೆದು ತಂತಿ ಸುತ್ತಲು ಕೂಡುತ್ತಿದ್ದಳು. ಗಂಡುಬೀರಿ ಎಂದು ಓಣಿ ಆಡಿಕೊಂಡಿತು. ಅವ್ವ ಕೆಂಪವ್ವ ಆಡಿಕೊಂಡವರ ಬಾಗಿಲಿಗೇ ಹೋಗಿ ಜಗಳ ತೆಗೆದು ಬಂದಳು.

ಮುಂದೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ ದೊಡ್ಡ ಸಂಸ್ಥೆಯೊಂದರಲ್ಲಿ ಸಂಶೋಧನೆಗೆ ಸೇರಿದಳು. ಎಮ್‌ಆರ್‌ಐ ಮಿಶನ್ನಿನಲ್ಲಿ ರೋಗಿಯ ತಲೆಯ ಸುತ್ತ ಒಂದು ತಂತಿಯ ಸುರುಳಿ ಇರುತ್ತದೆ. ಮೈಯೊಳಗಿನ ಸಣ್ಣ ಸಂಕೇತವನ್ನು ಹಿಡಿಯುವುದು ಅದೇ. ಆ ಸುರುಳಿ ಅವಳ ವಿಷಯ. ದೊಡ್ಡ ಅಯಸ್ಕಾಂತದ ಮೇಲೆ ಕೆಲಸ ಮಾಡು, ಹೆಸರು ಬರುತ್ತದೆ ಎಂದರು ಅವಳ ಸಾಹೇಬರು. ಇವಳು ಸಣ್ಣ ಅಯಸ್ಕಾಂತದ, ತಾಲೂಕಿನ ದವಾಖಾನೆಯ ಕೋಣೆಯಲ್ಲಿ ನಿಲ್ಲುವಂಥ ಮಿಶನ್ನು ಮಾಡುತ್ತೇನೆಂದಳು. ಆಟಿಕೆ ಎಂದು ನಕ್ಕರಂತೆ. ನಕ್ಕವರ ಕಣ್ಣೆದುರಿಗೇ ವರ್ಷಗಟ್ಟಲೆ ಅದನ್ನೇ ಮಾಡಿದಳು. ಕಡೆಗೆ ಸಾಹೇಬರು ಷರತ್ತು ಹಾಕಿದರು: ಸವದತ್ತಿಯ ದವಾಖಾನೆಯಲ್ಲಿ ಒಬ್ಬ ರೋಗಿಯ ತಲೆಯ ಸ್ವಚ್ಛ ಚಿತ್ರ ತಮ್ಮೆದುರು ತೆಗೆದು ತೋರಿಸಬೇಕು, ಆಗದಿದ್ದರೆ ಯೋಜನೆ ಬಂದ್.

ಆ ದಿನ ಮಿಶನ್ನು ಇಳಿಸಲು ನಾನೂ ಹೋಗಿದ್ದೆ. ಹೊಸ ಮಿಶನ್ನಿಗೆ ಹೆದರಿ ಉಳಿದ ರೋಗಿಗಳೆಲ್ಲ ಜಾರಿಕೊಂಡಿದ್ದರು, ಒಪ್ಪಿ ಬಂದವಳು ಚಚಡಿಯ ಗುರುಬಸವ್ವ ಒಬ್ಬಳೇ. ಲಿಂಗಾಯತರ ಹಿರಿಯ ಜೀವ. ಎಡಗೈ ದಿನದಿನಕ್ಕೆ ಸೋಲುತ್ತಿತ್ತು. ಕೊರಳಲ್ಲಿ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ. ಪಟ್ಟಣದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಳಗೆ ಲೋಹ ಒಯ್ಯಬಾರದು, ಅದನ್ನು ತೆಗೆದಿಡು ಎಂದದ್ದಕ್ಕೆ, ಜೀವ ಹೋದರೂ ಲಿಂಗ ಮೈ ಬಿಡುವುದಿಲ್ಲ ಎಂದು ಎದ್ದು ಬಂದಿದ್ದಳು. ಇಲ್ಲಿ ಸಾಹೇಬರೂ ಅದೇ ರಾಗ ಎಳೆದರು. ತೆಗೆಯದಿದ್ದರೆ ಕಳಿಸಿಬಿಡಿ, ರೋಗಿ ಸಹಕರಿಸಲಿಲ್ಲ ಎಂದು ಮುಗಿಸೋಣ ಎಂದರು.

ಮುದುಕಿಯನ್ನು ತಾನು ಒಪ್ಪಿಸುತ್ತೇನೆ ಎಂದಳು ದುರ್ಗಾ. ಆಗ ದವಾಖಾನೆಯ ನೌಕರ ಶಂಕರೆಪ್ಪ ಅವಳ ಹತ್ತಿರ ಬಂದು, "ನಿಮ್ಮ ಮನೆತನ ಮಾತ್ರ ಹೇಳಬ್ಯಾಡ್ರಿ. ಗೊತ್ತಾದ್ರ ಎದ್ದ ಹೊಕ್ಕಾರ," ಎಂದು ಪಿಸುಗುಟ್ಟಿದ. ಅವನದು ಕೆಟ್ಟ ಮನಸ್ಸಲ್ಲ. ಆದರೆ ಸುಮ್ಮನಿರು ಎಂದರೆ ಸುಮ್ಮನಿರುವ ಜಾತಿಯವಳಲ್ಲ ನನ್ನ ತಂಗಿ.

ನೆಟ್ಟಗೆ ಮುದುಕಿಯ ಮಂಚದ ಮುಂದೆ ಹೋಗಿ ನಿಂತಳು.

"ಆಯಿ, ನಾ ಮನೋಳಿ ಕೇರಿಯ ಶಟ್ಟೆಪ್ಪನ ಮಗಳು, ದುರ್ಗಾ. ಈ ಮಿಶನ್ ಮಾಡಿದಾಕಿ ನಾನ. ಅಡ್ಡಿ ಇದ್ರ ಈಗ ಹೇಳ್ರಿ."

ಇದೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ನನಗೆ ಸಿಟ್ಟು ಬಂತು. ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಲಿಂಗವನ್ನು ಯಾರೂ ಮುಟ್ಟಕೂಡದು, ಅಷ್ಟೇ ಎಂದಳು. ಮುಟ್ಟುವುದೂ ಬೇಡ, ತೆಗೆಯುವುದೂ ಬೇಡ, ಕಬ್ಬಿಣವಿದ್ದರೆ ಮಾತ್ರ ಮಿಶನ್ನು ಎಳೆಯುತ್ತದೆ ಎಂದ ದುರ್ಗಾ ಒಂದು ದಾರಕ್ಕೆ ಸಣ್ಣ ಅಯಸ್ಕಾಂತ ಕಟ್ಟಿ ಇಳಿಬಿಟ್ಟಳು. ಮುದುಕಿ ಕರಡಿಗೆ ಬಿಚ್ಚಿ ಅಂಗೈಯಲ್ಲಿ ಲಿಂಗ ಹಿಡಿದಳು, ಅಯಸ್ಕಾಂತ ಮಿಸುಕಲಿಲ್ಲ. ಕರಡಿಗೆಯ ಹತ್ತಿರ ತಂದರೆ ಟಕ್ಕೆಂದು ಅದರ ಮುಚ್ಚಳದ ಕೀಲಿಗೆ ಅಂಟಿತು. ಅಪ್ಪಟ ಬೆಳ್ಳಿ ಎಂದು ಆಣೆ ಮಾಡಿದ್ದ ಅಕ್ಕಸಾಲಿಗ ಕೀಲಿಗೆ ಕಬ್ಬಿಣದ ತಂತಿ ತುರುಕಿದ್ದ. ಗುರುಬಸವ್ವ ಅವನ ಏಳು ತಲೆಮಾರು ಜಾಲಾಡಿದಳು. ಸಾಹೇಬರು ಕೂಡ ಮುಖ ತಿರುಗಿಸಿ ನಕ್ಕರು.

ಬಳಿಕ ಮುದುಕಿ ಗೋಡೆಯ ಕಡೆ ತಿರುಗಿ, ಲಿಂಗವನ್ನು ತಾನೇ ಬಿಳಿ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ಮಲಗಿದಳು. ಚಿತ್ರ ಬಂತು. ಮಿದುಳಿನ ಬಲಗಡೆ ಒಂದು ಗಂಟು ನಿಚ್ಚಳವಾಗಿ ಕಂಡಿತು. ಶಸ್ತ್ರಚಿಕಿತ್ಸೆಗೆ ಇನ್ನೂ ಹೊತ್ತು ಮೀರಿಲ್ಲ ಎಂದರು ಡಾಕ್ಟರು. ಸಾಹೇಬರು ಬಹಳ ಹೊತ್ತು ಪರದೆ ನೋಡಿ, ಯೋಜನೆ ನಡೆಯಲಿ ಎಂದರು.

ಗುರುಬಸವ್ವ ಏಳುತ್ತಲೇ ಬರಿದಾದ ಕರಡಿಗೆಯನ್ನು ದುರ್ಗಾಳ ಕೈಯಲ್ಲಿಟ್ಟಳು.

"ಆ ಕಳ್ಳನ ಕಡೆ ಇನ್ನ ಒಯ್ಯಂಗಿಲ್ಲ. ಬೆಳ್ಳಿ ತಂತಿ ಹಾಕಿ ನೀನ ಕೀಲ ಕೂಡಿಸಿ ಕೊಡು."

ಆಪರೇಶನ್ ಆಗಿ, ಕೈಗೆ ಬಲ ಬಂದ ಮೇಲೆ, ಕರಡಿಗೆ ಒಯ್ಯಲು ಗುರುಬಸವ್ವ ಮನೋಳಿಗೆ ತಾನೇ ಬಂದಳು. ಬಿಸಿಲಿಗೆ ಬೆವೆತು ಅಂಗಡಿಯಲ್ಲಿ ಕುಂತವಳು ನೀರು ಕೇಳಿದಳು. ಅವ್ವ ತಂಬಿಗೆ ಕೊಟ್ಟಳು, ಮುದುಕಿ ಗಟಗಟ ಕುಡಿದಳು. ಅಂದಿನಿಂದ ಅವ್ವ ಅದನ್ನು ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಒಂದು ದಿನ ದುರ್ಗಾ ರೇಗಿದಳು.

"ಬೇ ಯವ್ವಾ, ನೀರಡಿಸಿತ್ತು, ಕುಡದ್ರು. ಅದರಾಗೇನ ಉಪಕಾರ ಮಾಡ್ಯಾರ ನಮಗ?"