ಬಿಸಿ ತಿಳಿಯದ ಕೈ

ಮೇಸ್ತ್ರಿಗೆ ಲಕ್ವ ಹೊಡೆದದ್ದು ಅರ್ಧ ಎದ್ದ ಗೋಡೆಯ ಮುಂದೆ. ಕರಣೆ ಕೈಯಿಂದ ಜಾರಿತು, ಎತ್ತಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಕಾಲೂ ಮಾತೂ ಮರಳಿದ್ದವು. ಬಲಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಚಿವುಟಿದರೂ ಅದಕ್ಕೆ ತಿಳಿಯದು.

"ಈ ಕೈ ನಿಮ್ಮಪ್ಪನ ಥರ ಕಣೇ," ಎನ್ನುತ್ತಿದ್ದ ಹೆಂಡತಿಗೆ. "ಮನೇಲಿ ಇರುತ್ತೆ, ಕೆಲಸಕ್ಕೆ ಮಾತ್ರ ಬರಲ್ಲ."

ಅವಳು ನಕ್ಕು, ಒಳಗೆ ಹೋಗಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಸಂಸಾರದ ನೊಗ ಈಗ ಅವಳೊಬ್ಬಳ ಹೆಗಲಿಗೆ. ನಾಜೂಕು ಹೊಲಿಗೆ ಬಲ್ಲವರು ಬೇಕೆಂದು ಊರಂಚಿನ ಪ್ರಯೋಗಾಲಯವೊಂದು ಅವಳನ್ನು ಕರೆಸಿಕೊಂಡಿತು. ಅಲ್ಲಿ ಸ್ವಾಧೀನ ತಪ್ಪಿದ ಕೈಗಳಿಗಾಗಿ ಕೈಗವಸು ಮಾಡುತ್ತಿದ್ದರು. ಮೆತ್ತನೆಯ ರಬ್ಬರಿನ ಬೆರಳುಗಳು, ಒಳಗೆ ಕೂದಲೆಳೆಯಂಥ ತಂತಿ. ಕರೆಂಟು ಹಾಯಿಸಿದರೆ ತಂತಿ ಬಿಸಿಯಾಗಿ ಕುಗ್ಗುತ್ತದೆ, ಬೆರಳು ಮಡಚಿಕೊಳ್ಳುತ್ತದೆ. ಆರಿದರೆ ಮತ್ತೆ ಸಡಿಲ. ಮೋಟಾರಿಲ್ಲ, ಸದ್ದಿಲ್ಲ. ತಂತಿಯನ್ನು ಬಟ್ಟೆಯ ಪದರಗಳ ನಡುವೆ ಕೂರಿಸಿ ಹೊಲಿಯುವುದು ಅವಳ ಪಾಲಿನ ಕೆಲಸ. ಖಾಲಿ ಕೈಗವಸೊಂದು ಮೇಜಿನ ಮೇಲೆ ತಾನಾಗಿ ಮುಷ್ಟಿ ಕಟ್ಟಿದ್ದನ್ನು ಕಂಡ ದಿನ ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಿದ್ದಳು.

ಗಂಡನ ವಿಷಯ ತೆಗೆದಳು. ಪ್ರಯೋಗಾಲಯದ ಮೇಡಂ ಪೂರ್ತಿ ಕೇಳಿಸಿಕೊಂಡರು.

"ಮುಟ್ಟಿದ್ರೆ ಅವರಿಗೆ ಗೊತ್ತಾಗುತ್ತಾ?"

"ಇಲ್ಲ ಮೇಡಂ."

"ಹಾಗಿದ್ರೆ ಬೇಡಮ್ಮ. ಇದು ನಡೆಯೋದೇ ಬಿಸಿಯಿಂದ. ಸುಟ್ಟರೂ ಅವರಿಗೆ ತಿಳಿಯಲ್ಲ. ಬಿಸಿ ಮಿತಿ ಮೀರದ ಹಾಗೆ ಮಾಡೋಕೆ ಇನ್ನೂ ಆಗಿಲ್ಲ. ಸ್ವಲ್ಪ ತಾಳಿ."

ಅವರು ಹೇಳಿದ್ದು ಸರಿಯೇ. ಆದರೆ ಅವನು ಬಲಗೈಯನ್ನು ಎಡಗೈಲಿ ಎತ್ತಿ, ಯಾರದೋ ಮಗುವನ್ನು ಕೂರಿಸಿಕೊಂಡಂತೆ ತೊಡೆಯ ಮೇಲಿಟ್ಟುಕೊಳ್ಳುವುದನ್ನು ದಿನಾ ನೋಡುವವಳು ಅವಳು. ಒಂದು ಸಂಜೆ ಪಕ್ಕಕ್ಕಿಟ್ಟಿದ್ದ ಹಳೆಯ ಕೈಗವಸೊಂದನ್ನು ಬ್ಯಾಟರಿ ಸಮೇತ ಊಟದ ಚೀಲಕ್ಕೆ ತುರುಕಿಕೊಂಡು ಬಂದಳು.

ಅವನ ಬಲಗೈಗೆ ತೊಡಿಸಿ ಬ್ಯಾಟರಿ ಹಚ್ಚಿದಾಗ ಬೆರಳುಗಳು ನಿಧಾನವಾಗಿ ಲೋಟವನ್ನು ಸುತ್ತಿಕೊಂಡವು. ಅವನು ನೀರು ಕುಡಿಯಲಿಲ್ಲ, ಹಿಡಿದ ಕೈಯನ್ನೇ ನೋಡುತ್ತ ಕುಳಿತ.

"ಒಂದೆರಡು ಸಲ ಅಷ್ಟೇ ರೀ. ನಾನಿಲ್ಲದಾಗ ಹಾಕ್ಕೋಬೇಡಿ."

"ಆಯ್ತು ಬಿಡೇ."

ಒಂದು ರಜೆಯ ಮಧ್ಯಾಹ್ನ ಅವಳು ಒಳಕೋಣೆಯಲ್ಲಿ ಹೊಲಿಯುತ್ತಿದ್ದಾಗ ಹೊರಗಿನಿಂದ ಅವನ ದನಿ ಕೇಳಿತು.

"ಒಲೆ ಮೇಲೆ ಏನಾದ್ರೂ ಇಟ್ಟಿದ್ದೀಯಾ? ಸೀದ ವಾಸನೆ ಬರ್ತಿದೆ."

"ಇಲ್ವಲ್ಲ," ಎಂದಳು. ಅಂದವಳೇ ಎದ್ದು ಓಡಿದಳು.

ಅವನು ಕೈಗವಸು ತೊಟ್ಟು, ಕರಣೆ ಹಿಡಿದು, ಎಡಗೈಯಿಂದ ಬಲಗೈಯನ್ನು ಎತ್ತಿ ಆಡಿಸುತ್ತ ಗೋಡೆಗೆ ಇಲ್ಲದ ಗಾರೆ ಸವರುತ್ತಿದ್ದ. ಮುಖದ ತುಂಬ ನೆಮ್ಮದಿ. ಅವಳು ಬ್ಯಾಟರಿ ಕಿತ್ತು ಕೈಗವಸು ಬಿಚ್ಚಿದಳು. ರಬ್ಬರಿನ ಜೊತೆ ಚರ್ಮವೂ ಸುಲಿದು ಬಂತು.

"ಯಾಕೆ ಅಳ್ತೀಯಾ? ನೋಯ್ತಾನೇ ಇಲ್ಲ," ಎಂದ.

ಗಾಯದಲ್ಲಿ ಕೀವು ತುಂಬಿತು. ಆಸ್ಪತ್ರೆಯಲ್ಲಿ ಮೊದಲು ಎರಡು ಬೆರಳು ತೆಗೆದರು, ಅದು ಸಾಲದೆ ಇನ್ನೆರಡು. ಹೆಬ್ಬೆರಳೊಂದು ಉಳಿಯಿತು.

ಅವಳು ಕೈಗವಸನ್ನು ಮೇಡಂ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಹೇಳಿದ್ದೆನಲ್ಲಮ್ಮ," ಎಂದಷ್ಟೇ ಹೇಳಿ ಅವರು ಕಿಟಕಿಯತ್ತ ತಿರುಗಿದರು. ಕೆಲಸ ಅಲ್ಲಿಗೆ ಮುಗಿಯಿತು. ಅವಳು ಮತ್ತೆ ಮನೆಯಲ್ಲೇ ದಿಂಬಿನ ಚೀಲ ಹೊಲಿಯತೊಡಗಿದಳು.

ಅವನೂ ಬಯ್ಯಲಿಲ್ಲ. ಆದರೆ ಹೆಂಡತಿಯ ಅಪ್ಪನ ಮಾತೆತ್ತಿ ತಮಾಷೆ ಮಾಡುವುದನ್ನೂ ಬಿಟ್ಟ. ಅವನ ಅಕ್ಕ ನೋಡಲು ಬಂದು ಇದೇನಾಯಿತೆಂದು ಕೇಳಿದಾಗ, ಕೈಯನ್ನು ಟವೆಲ್ಲಿನೊಳಗೆ ಎಳೆದುಕೊಂಡು ಹೇಳಿದ: "ನಂದೇ ಬುದ್ಧಿಗೇಡಿತನ ಅಕ್ಕ. ಕಾದ ಒಲೆ ಮೇಲೆ ಕೈ ಊರಿದೆ. ಇವಳು ಮನೇಲಿರ್ಲಿಲ್ಲ, ಪಾಪ."

"ಪುಣ್ಯವಂತ ನೀನು," ಎಂದಳು ಅಕ್ಕ, "ಇಂಥವಳು ಸಿಕ್ಕಿದ್ದಾಳೆ."

ಬಂದವರಿಗೆಲ್ಲ ಅವನು ಅದನ್ನೇ ಹೇಳಿದ. ಹೇಳಿ ಹೇಳಿ ಕತೆಗೆ ರೆಕ್ಕೆಪುಕ್ಕ ಬಂದವು: ಕುದಿಯುವ ಹಾಲು, ಜಾರಿದ ಕಾಲು. ಅವನು ಶುರುಮಾಡಿದ ಕೂಡಲೇ ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಮಾತು ಮುಗಿಯುವ ತನಕ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.